ನೆಲಮಹಡಿಯ ತೇವ: ಗೋಡೆ ಏಳುವ ಮೊದಲೇ ತಡೆಯಿರಿ

ಈ ವಾರದ ಆರೋಗ್ಯ ಮಾಹಿತಿ ಹೈದರಾಬಾದಿನಲ್ಲಿ ಸ್ವಂತ ಮನೆ ಕಟ್ಟಿಸುತ್ತಿರುವ ಕನ್ನಡಿಗರಿಗಾಗಿ.

ಕರಾವಳಿ, ಮಲೆನಾಡಿನಿಂದ ಬಂದವರಿಗೆ ಹೈದರಾಬಾದ್ ಒಣ ಊರು. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾಗುವಲ್ಲಿ ಗೋಡೆಗೆ ತೇವ ಎಲ್ಲಿಂದ ಬರಬೇಕು ಅನ್ನಿಸುತ್ತದೆ. ಆದರೆ ನೆಲಮಹಡಿಯ ತೇವ ಬರುವುದು ಹೆಚ್ಚಾಗಿ ಕೆಳಗಿನ ಮಣ್ಣಿನಿಂದ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಇಟ್ಟಿಗೆ, ಗಾರೆ, ಕಾಂಕ್ರೀಟು ಮಣ್ಣಿನ ನೀರನ್ನು ಹೀರಿ ಮೇಲೇರಿಸುತ್ತವೆ. ಹಳೆಯ ಕೆರೆ ಬಯಲು, ಕಪ್ಪು ಮಣ್ಣು, ತಗ್ಗಿನ ಕಾಲೊನಿಗಳಲ್ಲಿ ಇದು ಜಾಸ್ತಿ. ಗೋಡೆಯ ಕೆಳಗಿನ ಎರಡು ಮೂರು ಅಡಿಯಲ್ಲಿ ಬಣ್ಣ ಉಬ್ಬುವುದು, ಬಿಳಿ ಉಪ್ಪು ಉದುರುವುದು, ಬೀರುವಿನ ಹಿಂದೆ ಬೂಷ್ಟಿನ ವಾಸನೆ, ಇವು ಅದರ ಗುರುತು.

*ಗೋಡೆಗೂ ಎದೆಗೂ ಏನು ಸಂಬಂಧ?*

ತೆಲುಗಿನವರು ಗೋಡೆಯ ತೇವಕ್ಕೂ ಎದೆಯಲ್ಲಿ ಕಟ್ಟುವ ಕಫಕ್ಕೂ 'ನೆಮ್ಮು' ಅನ್ನುತ್ತಾರೆ. ನಾವೂ ನೆಗಡಿಗೆ ಶೀತ ಅನ್ನುತ್ತೇವೆ, ತೇವದ ಗೋಡೆಗೂ ಶೀತ ಅನ್ನುತ್ತೇವೆ. ಸಂಬಂಧ ನಿಜವಾದದ್ದೇ. ತೇವವಿದ್ದಲ್ಲಿ ಬೂಷ್ಟು ಬೆಳೆದು ಅದರ ಕಣಗಳು ಗಾಳಿಗೆ ಸೇರುತ್ತವೆ, ಹಾಸಿಗೆಯಲ್ಲಿ ಧೂಳಿನ ಹುಳಗಳು ಹೆಚ್ಚುತ್ತವೆ. ಇಂಥ ಮನೆಗಳಲ್ಲಿ ಉಬ್ಬಸ, ಆಸ್ತಮಾ, ಉಸಿರಾಟದ ಸೋಂಕಿನ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಇನ್ನೊಂದು ಮಾತು ಯೋಚಿಸಿ. ನಮ್ಮ ಮನೆಗಳಲ್ಲಿ ನೆಲಮಹಡಿಯ ಕೋಣೆ ಯಾರಿಗೆ? ಮೆಟ್ಟಿಲು ಹತ್ತಲಾಗದ ಅಪ್ಪ-ಅಮ್ಮನಿಗೆ, ಬಾಣಂತನಕ್ಕೆ ಬಂದ ಮಗಳಿಗೆ, ಅವಳ ಕೂಸಿಗೆ. ತೇವ ಮೊದಲು ತಟ್ಟುವುದು ಅವರಿಗೇ.

*ಕಟ್ಟುವಾಗ ಏನು ಮಾಡಿಸಬೇಕು?*

1. *ಎತ್ತರ:* ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ., ಅಂದರೆ ಒಂದೂವರೆ ಅಡಿ ಮೇಲಿರಲಿ. ಕಾಲೊನಿ ರಸ್ತೆಗೆ ಮತ್ತೆ ಮತ್ತೆ ಕಾಂಕ್ರೀಟು ಹಾಕಿದಾಗ ರಸ್ತೆ ಏರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

2. *ಗೋಡೆಯ ಕೆಳಗೆ ಡಿಪಿಸಿ:* ಇದು ತೇವ ತಡೆಯುವ ಪದರ. ಪ್ಲಿಂತ್ ಮಟ್ಟದಲ್ಲಿ 1:2:4 ಕಾಂಕ್ರೀಟನ್ನು ಸುಮಾರು 40 ರಿಂದ 50 ಮಿ.ಮೀ. ದಪ್ಪಕ್ಕೆ ಹಾಕಬೇಕು. ವಾಟರ್‌ಪ್ರೂಫಿಂಗ್ ದ್ರಾವಣವನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು. ಚೆನ್ನಾಗಿ ಕ್ಯೂರಿಂಗ್ ಮಾಡಿ, ಒಣಗಿದ ಮೇಲೆ ಬಿಟುಮೆನ್ ಬಳಿಸಿ. ಪದರ ಗೋಡೆಯ ಪೂರ್ತಿ ಅಗಲಕ್ಕಿರಲಿ, ನಡುವೆ ಕಡಿಯದಿರಲಿ.

3. *ನೆಲದ ಕೆಳಗೆ:* ತುಂಬಿದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ದಮ್ಮಸ್ಸು ಮಾಡಿಸಿ. ಗೆದ್ದಲಿನ ಔಷಧಿ ಹಾಕಿಸುವುದಿದ್ದರೆ ಈಗಲೇ ಹಾಕಿಸಿ. ಅದರ ಮೇಲೆ ತೆಳ್ಳಗೆ ಮರಳು, ಮರಳಿನ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಹಾಳೆಗಳು ಒಂದರ ಮೇಲೊಂದು ಒಂದು ಅಡಿಯಷ್ಟು ಬರುವಂತೆ ಹಾಸಿ ಟೇಪ್ ಅಂಟಿಸಿ. ಗೋಡೆಯ ಬದಿಯಲ್ಲಿ ಹಾಳೆಯನ್ನು ಮೇಲಕ್ಕೆ ಮಡಚಿ ಡಿಪಿಸಿಗೆ ಸೇರಿಸಿ. ಆಮೇಲೆ ಕಾಂಕ್ರೀಟು, ಟೈಲ್ಸ್.

4. *ಹೊರಗೆ:* ಮನೆ ಸುತ್ತ ಎರಡೂವರೆ ಮೂರು ಅಡಿ ಅಗಲ ಕಾಂಕ್ರೀಟು ಹಾಕಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡಿ. ಹೂಗಿಡದ ಮಣ್ಣನ್ನು ಡಿಪಿಸಿಗಿಂತ ಮೇಲೆ ಏರಿಸಬೇಡಿ. ಏರಿಸಿದರೆ ತೇವ ಪದರವನ್ನು ದಾಟಿ ಗೋಡೆಗೆ ಹೋಗುತ್ತದೆ.

"ಪ್ಲಿಂತ್ ಬೀಮ್ ಇದೆಯಲ್ಲ, ಡಿಪಿಸಿ ಯಾಕೆ ಸಾರ್?" ಎಂದು ಮೇಸ್ತ್ರಿ ಕೇಳಬಹುದು. ಬೀಮಿನ ಕಾಂಕ್ರೀಟಿನಲ್ಲೂ ಸೂಕ್ಷ್ಮ ರಂಧ್ರಗಳಿರುತ್ತವೆ, ಬೀಮಿನ ನಡುವಿನ ನೆಲಕ್ಕೆ ಅದರಿಂದ ರಕ್ಷಣೆಯೂ ಇಲ್ಲ. ಕಾಂಟ್ರ್ಯಾಕ್ಟ್ ಕಾಗದದಲ್ಲಿ ಡಿಪಿಸಿ, ಹಾಳೆ ಎರಡನ್ನೂ ಬರೆಸಿ. ಆ ಕೆಲಸದ ದಿನ ಆಫೀಸಿಗೆ ರಜೆ ಹಾಕಿಯಾದರೂ ಎದುರಿಗೆ ನಿಂತು ನೋಡಿ, ಫೋಟೋ ತೆಗೆದಿಡಿ. ಮೇಲೆ ಗೋಡೆ ಎದ್ದ ಮೇಲೆ ಅದು ಇದೆಯೋ ಇಲ್ಲವೋ ಕಾಣುವುದಿಲ್ಲ.

ಒಂದು ಎಚ್ಚರಿಕೆ: ಡಿಪಿಸಿ ಪ್ರವಾಹದ ನೀರನ್ನು ತಡೆಯುವುದಿಲ್ಲ. 2020ರ ಅಕ್ಟೋಬರ್ ಮಳೆಯಲ್ಲಿ ನಗರದ ಅನೇಕ ಕಾಲೊನಿಗಳ ನೆಲಮಹಡಿಗೇ ನೀರು ನುಗ್ಗಿತ್ತು. ಸೈಟ್ ಕೊಳ್ಳುವ ಮೊದಲು ಅದು ಕೆರೆಯ ಎಫ್‌ಟಿಎಲ್ ಗಡಿಯೊಳಗೆ ಇದೆಯೇ ಎಂದು ನೋಡಿಕೊಳ್ಳಿ.

*ಗೃಹಪ್ರವೇಶಕ್ಕೆ ಮೊದಲು*

ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು ಇರುವಾಗ ಬೇಗ ಹೋಗೋಣ ಅನ್ನಿಸುವುದು ಸಹಜ. ಆದರೆ ಹೊಸ ಗಾರೆಯಲ್ಲೂ ನೀರಿರುತ್ತದೆ. ಕನಿಷ್ಠ 28 ದಿನ ಬಿಟ್ಟು, ಗೋಡೆ ಒಣಗಿದೆ ಎಂದು ನೋಡಿಕೊಂಡೇ ಬಣ್ಣ ಹೊಡೆಸಿ. ಮುಹೂರ್ತ ಮೊದಲೇ ಇದ್ದರೆ ಹಾಲು ಉಕ್ಕಿಸಿ ಪೂಜೆ ಮುಗಿಸಿ, ವಾಸಕ್ಕೆ ಆಮೇಲೆ ಹೋಗಿ.

ಟೈಲ್ಸ್ ಹಾಕುವ ಮೊದಲು ಸುಲಭದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಮರುದಿನ ತೆಗೆದಾಗ ಅಡಿಯಲ್ಲಿ ಹನಿಗಳಿದ್ದರೆ ನೆಲದಲ್ಲಿ ಇನ್ನೂ ತೇವ ಇದೆ ಎಂದರ್ಥ.

*ಈಗಾಗಲೇ ಕಟ್ಟಿದ್ದರೆ?*

ಮೇಲೆ ಪುಟ್ಟಿ, ಬಣ್ಣ ಬಳಿದರೆ ತೇವ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ಮೊದಲು ಸಂಪು ಮತ್ತು ಬಾತ್‌ರೂಮ್ ಪೈಪಿನ ಸೋರಿಕೆ ನೋಡಿಸಿ, ಗೋಡೆಗೆ ಒರಗಿದ ಮಣ್ಣು ತೆಗೆಸಿ. ಆಮೇಲೂ ತೇವ ಏರುತ್ತಿದ್ದರೆ ಗೋಡೆಗೆ ಸಾಲಾಗಿ ರಂಧ್ರ ಕೊರೆದು ರಾಸಾಯನಿಕ ತುಂಬುವ ವಿಧಾನವಿದೆ. ಖರ್ಚು ಹೆಚ್ಚು, ಫಲ ಎಲ್ಲ ಗೋಡೆಗೂ ಒಂದೇ ರೀತಿ ಸಿಗದು. ಮಂಚವನ್ನು ಆ ಗೋಡೆಯಿಂದ ದೂರ ಸರಿಸಿ, ಕಿಟಕಿ ತೆರೆದು ಗಾಳಿ ಆಡಲು ಬಿಡಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು, ಉಬ್ಬಸ ಬಿಡದೆ ಇದ್ದರೆ ವೈದ್ಯರಿಗೆ ತೋರಿಸಿ, ಮನೆಯಲ್ಲಿ ತೇವ ಇರುವುದನ್ನೂ ಹೇಳಿ. ಇನ್ಹೇಲರ್ ಬಳಸುವವರು ತಾವಾಗಿ ನಿಲ್ಲಿಸಬಾರದು.

ಪಾಯ ತೋಡಿಸುತ್ತಿರುವ ನಿಮ್ಮ ಬಳಗದವರಿಗೆ ಇದನ್ನು ಈಗಲೇ ಕಳುಹಿಸಿ. ಗೋಡೆ ಎದ್ದ ಮೇಲೆ ಓದಿದರೆ ಅರ್ಧ ಉಪಯೋಗ ಮಾತ್ರ.