ಡಿವೋರ್ಸ್ ಆದ್ರೆ ಪಿ.ಎಫ್. ಯಾರಿಗೆ?

ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳ ಆಫರ್ ಲೆಟರ್ ನೋಡಿದ್ರೆ ಸಿ.ಟಿ.ಸಿ. ಒಳಗೆ ‘ಎಂಪ್ಲಾಯರ್ ಪಿ.ಎಫ್.’ ಅಂತ ಒಂದು ಸಾಲು ಇರುತ್ತೆ. ಅದನ್ನ ಯಾರೂ ಓದಲ್ಲ; ಕೈಗೆ ಎಷ್ಟು ಬರುತ್ತೆ ಅನ್ನೋದಷ್ಟೇ ಚರ್ಚೆ. ಆದ್ರೆ ನಮ್ಮ ಬಿ.ಟಿ.ಎಂ. ಲೇಔಟ್ ಪಕ್ಕದ ಹೊಸೂರು ರಸ್ತೆಯಲ್ಲಿ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಅದರಲ್ಲೂ ಹೆಚ್ಚಾಗಿ ಹೆಂಗಸರು, ಇದೇ ಪಿ.ಎಫ್.ಗಾಗಿ ಬೀದಿಗೆ ಇಳಿದಿದ್ರು. ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಬಂದಿತ್ತು. ಏಪ್ರಿಲ್ 19ರಂದು ಸರ್ಕಾರ ಅದನ್ನ ವಾಪಸ್ ತಗೊಳ್ತು. ಎಷ್ಟೋ ಹೆಂಗಸರಿಗೆ ಅದೊಂದೇ ತಮ್ಮ ಹೆಸರಲ್ಲಿರೋ ಉಳಿತಾಯ ಅಂತ ನನ್ನ ಊಹೆ. ಹಾಗಾಗಿ ಮದುವೆ ಮುರಿದಾಗ ಈ ದುಡ್ಡು ಏನಾಗುತ್ತೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಯೂಟ್ಯೂಬ್ ನೋಡಿ ಬೆಳೆದ ನಾವು ‘ಅರ್ಧ ಹೆಂಡತಿಗೆ ಹೋಗುತ್ತೆ’ ಅಂದ್ಕೊಂಡಿದೀವಿ. ಅದು ಅಮೆರಿಕದ ಕಥೆ. ಅಲ್ಲಿ 401ಕೆ ಅನ್ನೋ ಕಂಪನಿ ಉಳಿತಾಯವನ್ನ ಕೋರ್ಟ್ ಆದೇಶದ ಮೇಲೆ ಪಾಲು ಮಾಡಬಹುದು. ನಮ್ಮಲ್ಲಿ ಹಾಗಿಲ್ಲ. 1952ರ ಪಿ.ಎಫ್. ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಖಾತೆಯಲ್ಲಿರೋ ದುಡ್ಡನ್ನ ಸದಸ್ಯರ ಸಾಲಕ್ಕೋ ಬಾಧ್ಯತೆಗೋ ಕೋರ್ಟ್ ಜಪ್ತಿ ಮಾಡೋ ಹಾಗಿಲ್ಲ. ಹಾಗಂತ ಬಚ್ಚಿಡಬಹುದು ಅಂತಲ್ಲ. 2020ರಲ್ಲಿ ರಜನೀಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಅಂದಿದೆ. ಪಿ.ಎಫ್. ಪಾಲಾಗಲ್ಲ, ಆದ್ರೆ ಜೀವನಾಂಶ ಎಷ್ಟು ಅನ್ನೋ ಲೆಕ್ಕದಲ್ಲಿ ಅದೂ ತೂಕಕ್ಕೆ ಬರುತ್ತೆ.

ನಿಜವಾದ ತೊಡಕು ಇರೋದು ಡಿವೋರ್ಸ್‌ನಲ್ಲಿ ಅಲ್ಲ, ಕೇಸು ನಡೀತಾ ಇರೋ ವರ್ಷಗಳಲ್ಲಿ. ಬೇರೆ ಬೇರೆ ಮನೇಲಿದ್ರೂ ತೀರ್ಪು ಬರೋವರೆಗೂ ಕಾನೂನಿನ ಕಣ್ಣಲ್ಲಿ ಅವರು ಗಂಡ ಹೆಂಡತಿನೇ. ಆ ಮಧ್ಯೆ ಒಬ್ಬರು ತೀರಿಕೊಂಡ್ರೆ? ಪಿ.ಎಫ್. ಯೋಜನೆಯಲ್ಲಿ ‘ಕುಟುಂಬ’ ಇದ್ದವರು ಕುಟುಂಬದವರನ್ನೇ ನಾಮಿನಿ ಮಾಡಬೇಕು, ಗಂಡ ಅದರೊಳಗೆ ಬರ್ತಾನೆ. ಇಲ್ಲೇ ಒಂದು ಸಾಲು ನನಗೆ ತುಂಬಾ ಹಿಡಿಸಿತು: ಮಹಿಳಾ ಸದಸ್ಯೆ ಪಿ.ಎಫ್. ಕಮಿಷನರ್‌ಗೆ ಬರೆದುಕೊಟ್ರೆ ಸಾಕು, ಗಂಡ ಮತ್ತು ಅವನ ಅವಲಂಬಿತ ತಂದೆತಾಯಿ ಆ ‘ಕುಟುಂಬ’ದಿಂದ ಹೊರಗೆ. ಕಾರಣ ಹೇಳಬೇಕಿಲ್ಲ, ತೀರ್ಪು ಬೇಕಿಲ್ಲ. ಮನಸ್ಸು ಬದಲಾದ್ರೆ ವಾಪಸ್ ತಗೋಬಹುದು. ಗಂಡಸರಿಗೆ ಇಷ್ಟು ಸುಲಭ ಇಲ್ಲ. ಹೆಂಡತಿಗೆ ಜೀವನಾಂಶದ ಹಕ್ಕು ಇಲ್ಲ ಅಂತ ಸಾಬೀತು ಮಾಡಬೇಕು. ಅನ್ಯಾಯ ಅನ್ನೋರು ಇದ್ದಾರೆ. ಮನೆ ಬಿಟ್ಟು ಬಂದವಳ ಸ್ಥಿತಿ ಯೋಚಿಸಿದ್ರೆ ನನಗೆ ಸರಿ ಅನಿಸುತ್ತೆ. ಇಂಥ ನಿಯಮ ಇದೆ ಅಂತ ಆ ಹೊಸೂರು ರಸ್ತೆಯ ಫ್ಯಾಕ್ಟರಿಗಳಲ್ಲಿ ಯಾರಾದ್ರೂ ಹೇಳಿರ್ತಾರಾ?

ಇನ್ನೊಂದು: ಮದುವೆಗೆ ಮುಂಚೆ ಮಾಡಿದ ನಾಮಿನೇಶನ್, ಮದುವೆ ಆದ ತಕ್ಷಣ ಅಸಿಂಧು. ಅಮ್ಮನ ಹೆಸರು ಕೊಟ್ಟು ಮರೆತಿದ್ರೆ ಅದು ನಡೆಯಲ್ಲ, ಹೊಸದಾಗಿ ಹಾಕಬೇಕು.

ಈಗ ಟ್ಯಾಕ್ಸ್. ವಕೀಲರ ಫೀಸು, ಹೊಸ ಮನೆಯ ಅಡ್ವಾನ್ಸ್ ಅಂತ ಕೆಲವರು ಕೆಲಸ ಬಿಟ್ಟು ಪಿ.ಎಫ್. ಪೂರ್ತಿ ತೆಗೀತಾರೆ. ಸತತ ಐದು ವರ್ಷ ಸರ್ವೀಸ್ ಆಗಿದ್ರೆ ತೆರಿಗೆ ಇಲ್ಲ. ಆಗಿಲ್ಲದಿದ್ರೆ ಕಂಪನಿಯ ಪಾಲು, ಬಡ್ಡಿ ಎಲ್ಲಾ ಆ ವರ್ಷದ ಆದಾಯಕ್ಕೆ ಸೇರುತ್ತೆ. 50,000 ರೂಪಾಯಿ ಅಥವಾ ಹೆಚ್ಚಿದ್ರೆ ಕೈಗೆ ಬರೋ ಮುಂಚೆನೇ 10% ಟಿ.ಡಿ.ಎಸ್. ಕಟ್. ಕೆಲಸ ಬದಲಿಸುವಾಗ ಹಳೇ ಖಾತೆಯನ್ನ ಟ್ರಾನ್ಸ್‌ಫರ್ ಮಾಡಿದ್ರೆ ಹಿಂದಿನ ವರ್ಷಗಳೂ ಈ ಐದರ ಲೆಕ್ಕಕ್ಕೆ ಬರುತ್ವೆ. ಮೂರು ವರ್ಷ ಒಂದು ಕಡೆ, ಎರಡು ವರ್ಷ ಇನ್ನೊಂದು ಕಡೆ ಮಾಡಿದವರಿಗೆ ಇದು ದೊಡ್ಡ ವ್ಯತ್ಯಾಸ.

ಹೀಗೆ ತೆಗೆದ ದುಡ್ಡನ್ನ ಜೀವನಾಂಶವಾಗಿ ಕೊಟ್ರೂ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲ್ಲ. ತಗೊಂಡವರಿಗೆ ಒಂದೇ ಸಲ ಬಂದ ಮೊತ್ತವನ್ನ ಸಾಮಾನ್ಯವಾಗಿ ಆದಾಯ ಅಂತ ನೋಡಲ್ಲ, ತಿಂಗಳು ತಿಂಗಳು ಬರೋದನ್ನ ಆದಾಯ ಅಂತಾನೇ ನೋಡ್ತಾರೆ. ಹಾಗಾಗಿ ಸೆಟಲ್‌ಮೆಂಟ್ ಪತ್ರಕ್ಕೆ ಸಹಿ ಹಾಕೋ ಮುಂಚೆ ‘ಒಟ್ಟಿಗೋ, ಕಂತಲ್ಲೋ’ ಅಂತ ವಕೀಲರ ಜೊತೆ ಒಬ್ಬ ಆಡಿಟರ್‌ನೂ ಕೇಳೋದು ಒಳ್ಳೇದು.