ಲೆಕ್ಕಕ್ಕೆ ಸಿಗದ ಆಶಾ ದುಡಿಮೆ

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಹೋಗಬೇಕು: 3, 7, 14, 21, 28 ಮತ್ತು 42ನೇ ದಿನ. ಕೂಸಿನ ತೂಕ ಏರಿದೆಯೇ, ಹಾಲು ಕುಡಿಯುತ್ತಿದೆಯೇ, ಹೊಕ್ಕುಳು ಒಣಗಿದೆಯೇ, ಬಾಣಂತಿಗೆ ಜ್ವರವಿದೆಯೇ ಎಂದು ನೋಡಿ ಬರೆದುಕೊಳ್ಳಬೇಕು. ಇಷ್ಟಕ್ಕೂ ಸೇರಿ ಕೇಂದ್ರ ನಿಗದಿಪಡಿಸಿದ ಪ್ರೋತ್ಸಾಹಧನ 250 ರೂಪಾಯಿ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸಾವಿರ ಜನಸಂಖ್ಯೆಗೆ ಒಬ್ಬ ಆಶಾ, ಅದೂ ಅದೇ ಊರಿನ ಹೆಣ್ಣುಮಗಳು ಎಂದು ನಿಗದಿಯಾಯಿತು. ದಿನಕ್ಕೆ ಕೆಲವೇ ಗಂಟೆಗಳ ಸೇವೆ, ಮಾಡಿದ ಕೆಲಸಕ್ಕಷ್ಟೇ ಹಣ ಎಂಬುದು ಅಂದಿನ ಲೆಕ್ಕಾಚಾರ. ಈಗ ಗರ್ಭಿಣಿಯರ ನೋಂದಣಿ, ಲಸಿಕೆ, ಕ್ಷಯ, ಕುಷ್ಠ, ಡೆಂಗಿ ಲಾರ್ವಾ ಸಮೀಕ್ಷೆ, ಬಿಪಿ–ಶುಗರ್ ಇರುವವರ ಪಟ್ಟಿ ಎಲ್ಲವೂ ಅವರ ತಲೆಯ ಮೇಲಿವೆ. ಲೆಕ್ಕಾಚಾರ ಮಾತ್ರ ಬಹುಪಾಲು ಹಳೆಯದೇ.

ತೊಡಕು ಇರುವುದು ಇಲ್ಲೇ. ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮೀಣ ಆಶಾಗೆ ಸಿಗುವ 600 ರೂಪಾಯಿಯಲ್ಲಿ ಅರ್ಧ ಗರ್ಭಿಣಿಯ ಆರೈಕೆಗೆ, ಉಳಿದರ್ಧ ಆಸ್ಪತ್ರೆ ಹೆರಿಗೆಗೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ತಿಂಗಳುಗಟ್ಟಲೆ ನೋಡಿಕೊಂಡವರಿಗೆ ಆಗ ಆ ಉಳಿದರ್ಧವಿಲ್ಲ. ನಡುರಾತ್ರಿ 108 ಆಂಬುಲೆನ್ಸ್‌ನಲ್ಲಿ ಗರ್ಭಿಣಿಯ ಜೊತೆಗೆ ಹೋಗಿ, ಬೆಳಗಿನವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದಕ್ಕೆ ಪ್ರತ್ಯೇಕ ಹಣವಿಲ್ಲ. ಲಸಿಕೆ ಬೇಡವೆನ್ನುವ ಮನೆಯ ಅತ್ತೆಯನ್ನು ಒಪ್ಪಿಸಲು ಮತ್ತೆ ಮತ್ತೆ ಮೆಟ್ಟಿಲು ಹತ್ತಿದ್ದಕ್ಕೂ ಇಲ್ಲ. ಮಾಡಿದ ಕೆಲಸ ಸರ್ಕಾರದ ಆನ್‌ಲೈನ್ ಪೋರ್ಟಲ್‌ಗೆ ಏರದಿದ್ದರೆ ಹಣವೂ ಕೈತಪ್ಪುತ್ತದೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಒಂಟಿಮನೆಗಳ ನಡುವೆ ಓಡಾಡುವವರಿಗೆ ಇದು ಇಮ್ಮಡಿ ಶಿಕ್ಷೆ.

ಗೌರವಕ್ಕೆ ಕೊರತೆಯಾಗಿಲ್ಲ. ಕೋವಿಡ್ ಕಾಲದ ದುಡಿಮೆಯನ್ನೂ ಕಂಡು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ನೀಡಿತು. ಆದರೆ ಆಶಾಗಳಂಥ ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಗುರುತಿಸಿ, ಕನಿಷ್ಠ ವೇತನ ಕೊಡಬೇಕೆಂಬ 2013ರ ಭಾರತೀಯ ಕಾರ್ಮಿಕ ಸಮ್ಮೇಳನದ ಶಿಫಾರಸು ಕಾಗದದಲ್ಲೇ ಉಳಿಯಿತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿ ಎಂಬ ಭರವಸೆ ಸಿಕ್ಕಿತು. ಅದು ಜಾರಿಯಾಗಲಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು.

ಊರಿನ ಮಗುವಿಗೆ ಲಸಿಕೆ ತಪ್ಪದಂತೆ ನೋಡಿಕೊಳ್ಳುವವರಿಗೆ ತಿಂಗಳ ಸಂಬಳ, ಪಿಂಚಣಿ, ರಾತ್ರಿ ಆಸ್ಪತ್ರೆಯಲ್ಲಿ ತಂಗಲು ಒಂದು ಕೋಣೆ ಕೊಡುವುದು ದಾನವಲ್ಲ, ಬಾಕಿ ತೀರಿಸುವುದು. ಸರ್ಕಾರ ಅದನ್ನು ತೀರಿಸಲಿ. ನಾವೂ ಬಾಗಿಲಿಗೆ ಬಂದ ಆಶಾ ಅಕ್ಕನನ್ನು ಒಳಗೆ ಕರೆದು, ಕೇಳಿದ ಮಾಹಿತಿಯನ್ನು ಸರಿಯಾಗಿ ಕೊಡೋಣ. ಅವರು ಹಕ್ಕು ಕೇಳಿದಾಗ ಜೊತೆಗೆ ನಿಲ್ಲೋಣ.