ಮುಚ್ಚಿದ ಕಸದ ನೆಲವನ್ನು ಪರೀಕ್ಷಿಸುವ ಬಗೆ

ಕಾರಖಾನೆಯವರು ತಮ್ಮ ಕಸವನ್ನು ಹೂಳಿ, ಮೇಲೆ ಮಣ್ಣು ಹರಡಿ, ಹುಲ್ಲು ಬೆಳೆಸಿಬಿಟ್ಟರೆ ನೋಡುವವರ ಕಣ್ಣಿಗೆ ಅದು ಒಳ್ಳೆಯ ಬಯಲಾಗಿಯೇ ತೋರುವುದು. ಇಂಥ ನೆಲವನ್ನು ಮುಚ್ಚಿದ ಮೇಲೆಯೂ ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕಾದುದು ಏಕೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ತಿಳಿಸಬೇಕೆಂದಿದ್ದೇವೆ. ನಿಮ್ಮಲ್ಲಿ ಅನೇಕರು ಈಗ ಮನೆಗೆ ನಿವೇಶನ ಹುಡುಕುವವರು; ಕೆಲವರು ಶಾಲೆಗಳ ಆಡಳಿತ ಮಂಡಲಿಗಳಲ್ಲಿ ಇರುವವರು. ಆದುದರಿಂದ ಒಂದು ಶಾಲೆಯ ಸಂಗತಿಯಿಂದಲೇ ಆರಂಭಿಸುವೆವು.

ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ನಯಾಗರಾ ಜಲಪಾತದ ಹೆಸರನ್ನೇ ಹೊತ್ತ ಪಟ್ಟಣವೊಂದುಂಟು. ಅಲ್ಲಿ 1890ರ ದಶಕದಲ್ಲಿ ವಿಲಿಯಮ್ ಲವ್ ಎಂಬವರು ತೋಡಿಸತೊಡಗಿದ ಕಾಲುವೆಯು ಹಣವಿಲ್ಲದೆ ಅರ್ಧಕ್ಕೆ ನಿಂತಿತು. ಆ ತಗ್ಗಿನಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪೆನಿಯವರು 1942ರಿಂದ ಸುಮಾರು ಹನ್ನೊಂದು ವರುಷ ಕಸವನ್ನು ಹೂಳಿದರು. ಅದು 21,000 ಟನ್ನಿಗೆ ಕಡಿಮೆಯಿರಲಿಲ್ಲ. ಬಳಿಕ ಜೇಡಿಮಣ್ಣು ಮುಚ್ಚಿ, 1953ರಲ್ಲಿ ಆ ನೆಲವನ್ನು ಪಟ್ಟಣದ ಶಿಕ್ಷಣ ಮಂಡಲಿಗೆ ಒಂದು ಡಾಲರಿಗೆ ಕೊಟ್ಟರು. ಒಂದು ಡಾಲರಿಗೆ ಶಾಲೆಯ ನಿವೇಶನ! ಯಾವ ಮುಖ್ಯೋಪಾಧ್ಯಾಯಿನಿಯ ಮನಸ್ಸು ತಾನೇ ಹಿಗ್ಗದು? ಆದರೆ ಒಳಗೆ ರಾಸಾಯನಿಕ ಕಸವಿದೆಯೆಂದೂ, ಅದರಿಂದಾಗುವ ಹಾನಿಗೆ ಕಂಪೆನಿಯು ಹೊಣೆಯಲ್ಲವೆಂದೂ ಆ ಪತ್ರದಲ್ಲಿಯೇ ಬರೆದಿತ್ತು. 1955ರಲ್ಲಿ ಶಾಲೆಯು ತೆರೆಯಿತು, ಸುತ್ತಲೂ ಮನೆಗಳೆದ್ದವು. ಮನೆ ಕೊಂಡ ಅನೇಕರಿಗೆ ಆ ಎಚ್ಚರಿಕೆಯ ಮಾತು ತಲಪಲೇ ಇಲ್ಲ. ನಿವೇಶನ ಕೊಳ್ಳುವವರು ಕೊನೆಯ ಪತ್ರವೊಂದನ್ನೇ ಓದದೆ, ಹಿಂದಿನವುಗಳನ್ನೂ ತರಿಸಿ ಓದಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದವರಿಗೆ ಮುಂದಿನದು ಸುಲಭವಾಗಿ ತಿಳಿಯುವುದು. ಮಳೆಗಾಲಕ್ಕೆ ಮುಂಚೆ ಹಿರಿಯರು ಮಾಳಿಗೆಯನ್ನು ಹತ್ತಿ, ಬಿರುಕು, ಇಲಿಬಿಲ, ಬೇರೂರಿದ ಗಿಡ ಇವುಗಳನ್ನು ಹುಡುಕಿ ಮಣ್ಣು ಮೆತ್ತುವರಷ್ಟೆ. ಕಸದ ನೆಲವನ್ನು ಪರೀಕ್ಷಿಸುವವರು ಮೊದಲು ಮಾಡುವುದೂ ಅದನ್ನೇ. ಅವರು ಇಡೀ ನೆಲದ ಮೇಲೆ ನಡೆದು ನೋಡುವರು. ಒಳಗಿನ ಪೀಪಾಯಿಗಳು ತುಕ್ಕು ಹಿಡಿದು ಕುಸಿದರೆ ಮೇಲಿನ ನೆಲವೂ ತಗ್ಗುವುದು. ತಗ್ಗಿದಲ್ಲಿ ನೀರು ನಿಂತು ಒಳಕ್ಕೆ ಇಂಗುವುದು. ಹುಲ್ಲು ಸುಟ್ಟಂತೆ ಒಣಗಿದ ತಾಣ, ಅಂಚಿನಲ್ಲಿ ಬಣ್ಣಬಣ್ಣವಾಗಿ ಜಿನುಗುವ ನೀರು, ಕೆಟ್ಟ ವಾಸನೆ, ಇವೆಲ್ಲವನ್ನೂ ನಕ್ಷೆಯಲ್ಲಿ ಗುರುತಿಸುವರು.

ಕಣ್ಣಿಗೆ ಕಾಣದುದಕ್ಕಾಗಿ ಕೊಳವೆಬಾವಿಗಳು ಬೇಕು. ನೆಲದೊಳಗಿನ ನೀರು ಕಸದ ಕಡೆಗೆ ಬರುವ ದಿಕ್ಕಿನಲ್ಲಿಯೂ, ಕಸವನ್ನು ದಾಟಿ ಹೋಗುವ ದಿಕ್ಕಿನಲ್ಲಿಯೂ ಅವನ್ನು ಕೊರೆದು, ನೀರಿನ ಮಟ್ಟವನ್ನು ಅಳೆದು, ನೀರನ್ನು ಪ್ರಯೋಗಶಾಲೆಗೆ ಕಳುಹಿಸುವರು. ಎರಡು ಕಡೆಯ ನೀರಿಗೂ ಇರುವ ಭೇದದಿಂದ ಕಸವು ಸೋರುತ್ತಿದೆಯೋ ಇಲ್ಲವೋ ತಿಳಿಯುವುದು. ಒಂದು ವರುಷದ ಅಂಕೆಯು ಹೇಳುವುದು ಸ್ವಲ್ಪವೇ; ಹಿಂದಿನ ವರುಷಗಳ ಅಂಕೆಗಳೊಡನೆ ಇಟ್ಟು ನೋಡಬೇಕು. ನಮ್ಮ ಹಾಜರಿ ಪುಸ್ತಕಗಳಂತೆಯೇ ಈ ಲೆಕ್ಕವನ್ನೂ ಜೋಪಾನಮಾಡತಕ್ಕದ್ದು.

ಲವ್ ಕಾಲುವೆಯಲ್ಲಾದರೋ ರಸ್ತೆಗೂ ಚರಂಡಿಗೂ ಅಗೆಯುವಾಗ ಜೇಡಿಮಣ್ಣಿನ ಮುಚ್ಚಳವೇ ಒಡೆದುಹೋಯಿತು. ಮಳೆಯ ಮತ್ತು ಹಿಮದ ನೀರು ಒಳಹೊಕ್ಕು, ತಗ್ಗು ತುಂಬಿ, ವಿಷದೊಡನೆ ಹೊರಚೆಲ್ಲಿ ನೆಲಮಾಳಿಗೆಗಳಿಗೆ ಇಳಿಯಿತು. ಆ ಶಾಲೆಯ ಶಿಶುವರ್ಗದ ಬಾಲಕನೊಬ್ಬನ ತಾಯಿ ಲೋಯಿಸ್ ಗಿಬ್ಸ್ ಎಂಬಾಕೆ ಮನೆಮನೆಗೆ ಹೋಗಿ ಸಹಿಗಳನ್ನು ಕೂಡಿಸಿದರು. 1978ರ ಆಗಸ್ಟ್ 2ರಂದು ಸಂಸ್ಥಾನದ ಆರೋಗ್ಯಾಧಿಕಾರಿಯು, ಶಾಲೆಯನ್ನು ತೆರೆಯಕೂಡದೆಂದೂ, ಅತಿ ಸಮೀಪದಲ್ಲಿದ್ದ ಗರ್ಭಿಣಿಯರೂ ಎರಡು ವರುಷದೊಳಗಿನ ಮಕ್ಕಳೂ ಅಲ್ಲಿಂದ ಹೊರಡಬೇಕೆಂದೂ ತಿಳಿಸಿದನು. ಮುಂದಿನ ಕೆಲವು ವರುಷಗಳಲ್ಲಿ ನೂರಾರು ಕುಟುಂಬಗಳು ಮನೆ ಬಿಟ್ಟವು. ಶಾಲೆಯನ್ನು ಕೆಡವಿದರು. ಇಂಥ ಸ್ಥಳಗಳನ್ನು ಶುದ್ಧಿಮಾಡಿಸುವ ಕಾನೂನೊಂದು 1980ರಲ್ಲಿ ಆ ದೇಶದಲ್ಲಿ ಹುಟ್ಟಿತು.

ಈಗ ಅಲ್ಲಿ 70 ಎಕರೆಗೆ ಬೇಲಿಯುಂಟು. ಅದರೊಳಗೆ 40 ಎಕರೆಯ ಹೊಸ ಮುಚ್ಚಳ. ಸುತ್ತಲಿನ ಭೂಗತ ಚರಂಡಿಗಳಲ್ಲಿ ಕೂಡುವ ಕೆಟ್ಟ ನೀರನ್ನು ಪಂಪಿನಿಂದೆತ್ತಿ ಶುದ್ಧಿಮಾಡುವರು. 2004ರಲ್ಲಿ ಆ ಸ್ಥಳವನ್ನು ಅಪಾಯದ ಪಟ್ಟಿಯಿಂದ ತೆಗೆದರು. ಆದರೂ ಬಾವಿಗಳ ನೀರಿನ ಪರೀಕ್ಷೆಯನ್ನು ಬಿಟ್ಟಿಲ್ಲ. ಹೂಳಿದ ಕಸವು ಆ ಮುಚ್ಚಳದ ಕೆಳಗೆ ಇನ್ನೂ ಇದೆ.